ಕಲ್ಲಿನ ಮೇಲೆ ತಮಿಳು, ಮನೆಯೊಳಗೆ ಕನ್ನಡ
(ತುಡಿಯಲೂರಿನ ಸುತ್ತಮುತ್ತ ಕಂಡದ್ದು)

1956ರ ನವೆಂಬರ್ 1 ಗಡಿನಾಡಿನವರಾದ ನಮಗೆ ಮರೆಯಲಾಗದ ದಿನ. ಅಂದು ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅದೇ ದಿನ, ಅದೇ ಕಾಯಿದೆಯ ಬಲದಿಂದ, ಅದೇ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ತಾಲೂಕು ಬೇರ್ಪಟ್ಟು ಮೈಸೂರಿಗೆ ಸೇರಿತು. ಕೊಳ್ಳೇಗಾಲದ ಕನ್ನಡಿಗರಿಗೆ ಅದು ಸಂತೋಷದ ಸುದ್ದಿಯೇ ಸರಿ. ಆದರೆ ಕೊಳ್ಳೇಗಾಲ ಹೋದ ಮೇಲೂ ಕೊಯಮತ್ತೂರಿನಲ್ಲಿ ಕನ್ನಡದ ಮನೆಗಳು ಉಳಿದವು. ಆ ಮನೆಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಹಳ ಅಪರೂಪ. ಹೊಟ್ಟೆಪಾಡಿಗಾಗಿ ಕುಂಬಳೆ ಸೀಮೆ ಬಿಟ್ಟು ಕೊಯಮತ್ತೂರಿನ ಬಡಗಣ ಅಂಚಿನ ತುಡಿಯಲೂರಿನಲ್ಲಿ ಬ್ಯಾಂಕಿನ ಗುಮಾಸ್ತನಾಗಿರುವ ನನಗೆ, ರಜಾದಿನಗಳಲ್ಲಿ ಸುತ್ತಾಡಿ ಕಂಡದ್ದನ್ನು ನಮ್ಮೂರವರಿಗೆ ತಿಳಿಸಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿ ಇತ್ತು.

ತುಡಿಯಲೂರು ಕೊಯಮತ್ತೂರಿನಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ಮೇಟ್ಟುಪಾಳ್ಯದ ರಸ್ತೆಯ ಮೇಲೆ ಇದೆ. ಊಟಿಗೆ ಹೋಗುವವರೆಲ್ಲರೂ ಇದನ್ನು ದಾಟಿಯೇ ಹೋಗುತ್ತಾರೆ. ಇಳಿದು ನೋಡುವವರು ಕಡಿಮೆ. 1873ರಲ್ಲಿ ಮೇಟ್ಟುಪಾಳ್ಯಕ್ಕೆ ಬಂದ ರೈಲುಮಾರ್ಗ ಇಲ್ಲಿಂದಲೇ ಹಾದುಹೋಗಿದೆ. ಪಟ್ಟಣ ಪಂಚಾಯತಿಯಾಗಿದ್ದ ಊರು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಯೊಳಗೆ ಸೇರಿಹೋಯಿತು. ಪಡುವಣಕ್ಕೆ ಘಟ್ಟದ ಸಾಲು ನೀಲಿಯಾಗಿ ಕಾಣುತ್ತದೆ. ಆ ಕಡೆ ಆನೆಕಟ್ಟಿಯವರೆಗೆ ಹೋದರೆ ಕೇರಳದ ಗಡಿ, ಅದರಾಚೆ ಅಟ್ಟಪ್ಪಾಡಿ. ಹೀಗಾಗಿ ನಮ್ಮ ಕೌಂಟರಿನಲ್ಲಿ ತಮಿಳಿನ ಜೊತೆಗೆ ಮಲಯಾಳವೂ ದಿನವೂ ಕೇಳಿಬರುತ್ತದೆ. ಮೂರನೆಯದಾಗಿ, ತಗ್ಗಿದ ದನಿಯಲ್ಲಿ, ಕನ್ನಡವೂ ಉಂಟು.

ಈ ಕನ್ನಡ ಇಲ್ಲಿಗೆ ಹೇಗೆ ಬಂತು? ಇತಿಹಾಸದ ಆಸಕ್ತಿ ಇರುವ ಯಾರಾದರೂ ಮೊದಲು ಗುಡಿ ಕೋಟೆಗಳನ್ನೇ ಹುಡುಕುತ್ತಾರೆ. ನಾನೂ ಹಾಗೆಯೇ ಹೊರಟೆ.

ತುಡಿಯಲೂರಿಗೆ ಅಂಟಿಕೊಂಡೇ ಇರುವ ವಡಮಧುರೈಯಲ್ಲಿ ವಿರುಂದೀಶ್ವರನ ಗುಡಿಯಿದೆ. ಶಿವಭಕ್ತ ಸುಂದರಮೂರ್ತಿ ನಾಯನಾರರಿಗೆ ಶಿವನೇ ಇಲ್ಲಿ ಔತಣವಿಟ್ಟನೆಂದು ಸ್ಥಳಪುರಾಣ. ತಮಿಳಿನ ವಿರುಂದು ಎಂದರೆ ಔತಣ. ಮಲಯಾಳದ ಓದುಗರಿಗೆ ಅವರ 'ವಿರುನ್ನ್' ಕೂಡಲೇ ನೆನಪಾದೀತು. ಊರಿನ ಹೆಸರಿನ 'ವಡ'ವೇ ಕನ್ನಡದ 'ಬಡಗು'. ತೆಂಕುತಿಟ್ಟು ಬಡಗುತಿಟ್ಟು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ನೀಲಗಿರಿಯಲ್ಲಿರುವ ಬಡಗರ ಹೆಸರಿನಲ್ಲಿಯೂ ಇರುವುದು ಅದೇ ಪದ: ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬಂದವರು.

ಹೊಯ್ಸಳರ ಕಾಲದಲ್ಲಿ ಕನ್ನಡದ ಸೈನ್ಯ ಈ ಸೀಮೆಗೆ ಇಳಿದದ್ದು ಖಂಡಿತ. ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ, ಕೊಂಗರನ್ನು ಸೋಲಿಸಿ, ನೀಲಾದ್ರಿಯನ್ನು ಗೆದ್ದನೆಂದು ಚಾಮರಾಜನಗರದ ಬಸದಿಯಲ್ಲಿರುವ 1117ರ ಶಾಸನ ಹೇಳುತ್ತದೆ. ಮುಂದೆ ಮೂರನೆಯ ಬಲ್ಲಾಳನ ಕಾಲದಲ್ಲಿ ಪೆರುಮಾಳ ದಂಡನಾಯಕನೂ ಅವನ ಮಗ ಮಾಧವ ದಂಡನಾಯಕನೂ ಘಟ್ಟದ ಮೇಲೂ ಕೆಳಗೂ ಅಧಿಕಾರ ನಡೆಸಿದರು. ಗುಂಡ್ಲುಪೇಟೆಯ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು 1315ರಲ್ಲಿ ಕಟ್ಟಿಸಿದವನು ಈ ಮಾಧವನೇ. ಘಟ್ಟದ ಕೆಳಗೆ, ಮೋಯಾರ್ ಹೊಳೆ ಭವಾನಿಯನ್ನು ಸೇರುವಲ್ಲಿ, ಅವರ ಹೆಸರಿನ ಕೋಟೆಯಿತ್ತು. ತಮಿಳರು ಇಂದಿಗೂ ಅದನ್ನು 'ಡಣಾಯಕನ್ ಕೋಟ್ಟೈ' ಎನ್ನುತ್ತಾರೆ. ದಂಡನಾಯಕ ಎಂಬುದು ಜನರ ಬಾಯಲ್ಲಿ ದಣಾಯಕ ಆದದ್ದು, ಆ ಬಾಯಿಮಾತಿನ ರೂಪವೇ ಊರ ಹೆಸರಿನಲ್ಲಿ ಉಳಿಯಿತು.

ಆ ಕೋಟೆಯನ್ನು ನೋಡಲು ಹೊರಟರೆ ಕಾಣುವುದು ನೀರು ಮಾತ್ರ. 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ಹಿನ್ನೀರಿನಲ್ಲಿ ಕೋಟೆಯೂ ಗುಡಿಯೂ ಮುಳುಗಿದವು. 105 ಅಡಿ ನೀರು ನಿಲ್ಲುವ ಈ ಜಲಾಶಯದಲ್ಲಿ, ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ನೀರು ಅರ್ಧಕ್ಕಿಂತ ಕೆಳಗೆ ಇಳಿದಾಗ ಮಾಧವಪೆರುಮಾಳ್ ಗುಡಿಯ ಕಲ್ಲುಗಳು ಮೇಲೆ ಕಾಣುತ್ತವೆ. ಆಗ ಸುತ್ತಲಿನ ಜನ ಕುತೂಹಲದಿಂದ ನೋಡಲು ಬರುತ್ತಾರೆ. ಕೆಳಗಿನ ಗದ್ದೆಗಳಿಗೆ ನೀರು ಬೇಕಿತ್ತು, ಅದಕ್ಕಾಗಿ ಕೋಟೆ ಮುಳುಗಿತು. ಇದರಲ್ಲಿ ಯಾರನ್ನು ದೂರುವುದು?

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕನ್ನಡನಾಡಿನಿಂದ ಬಂದ ಹೊಯ್ಸಳರು ಈ ಕೊಂಗುನಾಡಿನ ಬಯಲಿನಲ್ಲಿ ಬರೆಸಿದ ಶಾಸನಗಳು ಹೆಚ್ಚಾಗಿ ತಮಿಳಿನಲ್ಲಿವೆ. ಆಳಬೇಕಾದ ಊರಿನ ಜನ ಓದುವ ಭಾಷೆಯಲ್ಲಿ ಬರೆಯಿಸುವುದು ರಾಜನಿಗೆ ಲೇಸು ಎಂದು ಅವರು ತಿಳಿದಿದ್ದರು. ಹಾಗಾಗಿ ಇಲ್ಲಿಯ ಗುಡಿಗಳ ಗೋಡೆಗಳಲ್ಲಿ ಕನ್ನಡದ ಅಕ್ಷರವನ್ನು ಹುಡುಕುವ ಪ್ರವಾಸಿ ಬಹುತೇಕ ಬರಿಗೈಯಲ್ಲಿ ಮರಳಬೇಕಾಗುತ್ತದೆ. ನಾನೂ ಪೇರೂರು, ಅವಿನಾಶಿ ಎಂದು ಗುಡಿ ಗುಡಿ ತಿರುಗಿದೆ. ಕಣ್ಣಿಗೆ ಶಿಲ್ಪದ ಹಬ್ಬವಾಯಿತು, ಕನ್ನಡದ ಅಕ್ಷರ ಮಾತ್ರ ಒಂದೂ ಸಿಗಲಿಲ್ಲ.

ಹದಿನೇಳನೆಯ ಶತಮಾನದಲ್ಲಿ ಮೈಸೂರು ಒಡೆಯರು ಬಂದರು, ಆಮೇಲೆ ಹೈದರ್ ಮತ್ತು ಟಿಪ್ಪು. ಅವರ ಸೈನ್ಯ ಇಳಿಯುತ್ತಿದ್ದ ದಾರಿ ಸತ್ಯಮಂಗಲದ ಕಾಡಿನ ಗಜ್ಜಲಹಟ್ಟಿ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಈ ದಾರಿಯಲ್ಲಿ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಹಿಮ್ಮೆಟ್ಟಿಸಿದ. ನಮ್ಮಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಜಾಗ. ಅಲ್ಲಿ ಜನ ವಾಸಿಸುವ ಊರೇ ಹಟ್ಟಿ. ಆ ಕಣಿವೆ ಈಗ ಹುಲಿ ಸಂರಕ್ಷಿತ ಅರಣ್ಯದೊಳಗಿದೆ, ಮನಬಂದಂತೆ ಹೋಗುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಯಮತ್ತೂರೂ ನಮ್ಮ ಕೆನರಾ ಸೀಮೆಯೂ ಒಟ್ಟಿಗೆ ಕಂಪೆನಿಯ ಕೈ ಸೇರಿದವು. ಹೊಸದಾಗಿ ದೊರೆತ ಸೀಮೆಗಳನ್ನು ನೋಡಿ ಬರೆಯಲು ಹೊರಟ ಬುಕಾನನ್ 1800ರ ಕೊನೆಯಲ್ಲಿ ಕೊಯಮತ್ತೂರನ್ನೂ, ಪಾಲಕ್ಕಾಡು ಮಲಬಾರುಗಳ ಮೂಲಕ ಬಂದು 1801ರ ಆರಂಭದಲ್ಲಿ ನಮ್ಮ ಕಾಸರಗೋಡು ಮಂಜೇಶ್ವರಗಳನ್ನೂ ಒಂದೇ ಪ್ರಯಾಣದಲ್ಲಿ ನೋಡಿದ. ಕೆಳದಿಯವರ ಬೇಕಲ ಕೋಟೆ ನಮ್ಮಲ್ಲಿ ಇನ್ನೂ ನಿಂತಿದೆ. ಕೊಯಮತ್ತೂರಿನ ಕೋಟೆ ನೆಲಸಮವಾಗಿ 'ಕೋಟ್ಟೈಮೇಡು' ಎಂಬ ಹೆಸರು ಮಾತ್ರ ಉಳಿದಿದೆ.

ಹೀಗೆ ಅರಸರ ಗುರುತುಗಳಲ್ಲಿ ಕೆಲವು ನೀರಿನಡಿ ಇವೆ, ಕೆಲವು ಕಾಡಿನೊಳಗಿವೆ, ಕೆಲವು ಅಳಿದಿವೆ. ಉಳಿದದ್ದು ಅರಸರ ಕನ್ನಡವಲ್ಲ. ನೇಗಿಲು ಹಿಡಿದವರ, ಮಗ್ಗ ನೇಯುವವರ ಕನ್ನಡ.

ತುಡಿಯಲೂರು, ವಡವಳ್ಳಿ ಮೊದಲಾದ ಊರುಗಳಲ್ಲಿ ಒಕ್ಕಲಿಗ ಗೌಡರ ಮನೆಗಳಿವೆ. ಯಾವನೋ ಅರಸ ತಮ್ಮ ಮನೆಯ ಹೆಣ್ಣನ್ನು ಕೇಳಿದನೆಂದೂ, ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಹೊಳೆ ದಾಟಿ ದಕ್ಷಿಣಕ್ಕೆ ಬಂದೆವೆಂದೂ ಹಿರಿಯರು ಹೇಳುತ್ತಾರೆ. ಇದೇ ಬಗೆಯ ಕಥೆ ಬಡಗರಲ್ಲಿಯೂ ಉಂಟು, ತೇನಿ ಕಡೆಯ ಕಪ್ಪಿಲಿಯರಲ್ಲಿಯೂ ಉಂಟು. ಇದನ್ನು ಅಕ್ಷರಶಃ ಚರಿತ್ರೆ ಎಂದು ತಿಳಿಯಬೇಕಾಗಿಲ್ಲ. ಬರ, ಯುದ್ಧ, ಹೊಸ ಭೂಮಿಯ ಆಸೆ, ಇವೆಲ್ಲ ಸೇರಿ ಜನರನ್ನು ಹೊರಡಿಸಿರಬಹುದು. ಆದರೆ 'ನಾವು ಬಡಗಣಿಂದ ಬಂದವರು' ಎಂಬ ನೆನಪನ್ನು ಆ ಕಥೆ ಕಾಪಾಡಿದೆ. ಇಲ್ಲಿಂದ ಮೇಟ್ಟುಪಾಳ್ಯದ ಕಡೆಗೆ ಹೋಗುವಾಗ ಸಿಗುವ ಕಾರಮಡೈ ರಂಗನಾಥನ ಮಾಸಿ ತಿಂಗಳ ತೇರಿಗೆ ಬಯಲಿನ ರೈತರೂ ಬೆಟ್ಟದ ಬಡಗರೂ ಬರುತ್ತಾರೆ. ಕಾರೆ ಗಿಡಗಳ ಮೆಳೆಯಲ್ಲಿ ಹಸುವೊಂದು ಹಾಲು ಸುರಿಸಿದಲ್ಲಿ ದೇವರು ಕಾಣಿಸಿದನೆಂದು ಅಲ್ಲಿಯ ಐತಿಹ್ಯ. ತೇರಿನ ದಿನ ಆ ಜನಸಂದಣಿಯಲ್ಲಿ ಕಿವಿಗೊಟ್ಟು ನಿಂತರೆ ನಮ್ಮ ಮಾತು ತುಣುಕು ತುಣುಕಾಗಿ ಕೇಳಿಸುತ್ತದೆ.

ನೇಕಾರರದು ಇನ್ನೊಂದು ಕಥೆ. ಮೇಟ್ಟುಪಾಳ್ಯದ ಬಳಿಯ ಸಿರುಮುಗೈ, ಪೊಳ್ಳಾಚಿ ಕಡೆಯ ನೆಗಮಂ ಮೊದಲಾದ ಊರುಗಳಲ್ಲಿ ದೇವಾಂಗರ ಮಗ್ಗಗಳಿವೆ. ನೆಗಮಂ ಹತ್ತಿಸೀರೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಇವರ ಕುಲದೇವತೆ ಚೌಡೇಶ್ವರಿ. ಕೊಯಮತ್ತೂರು ಪೇಟೆಯಲ್ಲಿ ವಿಜಯದಶಮಿಯ ದಿನ ಈ ಕುಲದ ತರುಣರು ಎದೆಗೆ ಕತ್ತಿ ತಾಗಿಸಿಕೊಳ್ಳುತ್ತಾ ತಾಯಿಯನ್ನು ಕರೆಯುತ್ತಾ ಮೆರವಣಿಗೆ ಹೋಗುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಸಿರುಮುಗೈಯಲ್ಲಿ ಮಗ್ಗದ ಮುಂದೆ ಕುಳಿತಿದ್ದ ಹಿರಿಯರೊಬ್ಬರೊಡನೆ ಕನ್ನಡದಲ್ಲಿ ಮಾತಿಗೆ ತೊಡಗಿದೆ. ಲಾಳಿ ನಿಲ್ಲಿಸದೆಯೇ ಉತ್ತರ ಕೊಟ್ಟರು. ಅವರ ಮಾತಿನಲ್ಲಿ ತಮಿಳು ಬೆರೆತಿತ್ತು, ಆದರೆ ಕನ್ನಡವೇ. ದೇವರ ದಾಸಿಮಯ್ಯನ ಹೆಸರೆತ್ತಿದಾಗ ಮಾತ್ರ ಕೈ ನಿಂತಿತು.

"ಕೇಳಿದ್ದೀನಿ ಸಾರ್, ನಮ್ಮ ಕುಲದ ದೊಡ್ಡೋರು. ಅವರು ಹೇಳಿದ್ದೆಲ್ಲ ಕನ್ನಡದಲ್ಲೇ ಇದೆ ಅಂತಾರೆ. ಓದೋಕೆ ನಮಗೆ ಎಲ್ಲಿ ಬರುತ್ತೆ?"

ಸುಮಾರು ಸಾವಿರ ವರ್ಷಗಳ ಹಿಂದೆ ಮುದನೂರಿನ ನೇಕಾರನೊಬ್ಬ ಹೇಳಿದ ಮಾತು, ಅದೇ ಕಸುಬಿನ, ಅದೇ ಮನೆಮಾತಿನ ಇನ್ನೊಬ್ಬ ನೇಕಾರನಿಗೆ ತಲುಪದೆ ನಿಂತಿದೆ. ಅಡ್ಡ ನಿಂತದ್ದು ಅಕ್ಷರ ಒಂದೇ. ಅವರು ತಮ್ಮ ಹೆಸರನ್ನು ತಮಿಳಿನಲ್ಲಿ ಬರೆಯುತ್ತಾರೆ. ಅವರ ಮೊಮ್ಮಗಳು ಇಂಗ್ಲಿಷಿನಲ್ಲಿ. ಮೊಮ್ಮಗಳಿಗೆ ಅಜ್ಜನ ಮಾತು ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ತಮಿಳಿನಲ್ಲಿ. ನಮ್ಮ ಬ್ಯಾಂಕಿನ ಅರ್ಜಿಯಲ್ಲಿ ಹೆಸರು, ವಿಳಾಸ, ವೃತ್ತಿ, ನಾಮಿನಿ ಎಲ್ಲಕ್ಕೂ ಒಂದೊಂದು ಕಾಲಂ ಉಂಟು, ಮನೆಮಾತಿಗೆ ಇಲ್ಲ. ಹಾಗಾಗಿ ಎಷ್ಟೋ ಗಿರಾಕಿಗಳು ಕನ್ನಡದವರೆಂದು ನಮಗೆ ತಿಳಿಯುವುದೇ, ಅವರು ಕೌಂಟರಿನಿಂದ ತಿರುಗಿ ಜೊತೆಗೆ ಬಂದ ಹೆಂಡತಿಯೊಡನೆ ಏನಾದರೂ ಹೇಳಿದಾಗ.

ತಾಳವಾಡಿಯ ಸ್ಥಿತಿ ಸ್ವಲ್ಪ ಬೇರೆ. ಸತ್ಯಮಂಗಲದಿಂದ 27 ತಿರುವುಗಳ ದಿಂಬಂ ಘಾಟಿ ಹತ್ತಿದರೆ ಸಿಗುವ ಈ ಸೀಮೆ 1956ರಲ್ಲಿ ಮದ್ರಾಸಿನಲ್ಲಿಯೇ ಉಳಿಯಿತು. ವರನಟ ರಾಜಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಇಲ್ಲಿಯದೇ. ಇಲ್ಲಿ ಕನ್ನಡ ಶಾಲೆಗಳಿವೆ, ಹಾಗಾಗಿ ಅಕ್ಷರವೂ ಇದೆ. ತಮಿಳುನಾಡಿನಲ್ಲಿ 2006ರಲ್ಲಿ ತಮಿಳು ಕಲಿಕೆ ಕಡ್ಡಾಯವಾದಾಗ ಇಲ್ಲಿಯವರಿಗೆ ಆದ ಕಳವಳವು, 2017ರಲ್ಲಿ ಕೇರಳದಲ್ಲಿ ಮಲಯಾಳ ಕಡ್ಡಾಯವಾದಾಗ ನಮಗಾದ ಕಳವಳದ ಹಾಗೆಯೇ. ರಾಜ್ಯದ ಭಾಷೆ ಕಲಿಯುವುದರಲ್ಲಿ ನಷ್ಟವಿಲ್ಲ. ತಮಿಳು ಕಲಿತದ್ದರಿಂದಲೇ ನಾನು ಇಲ್ಲಿ ಅನ್ನ ಉಣ್ಣುತ್ತಿದ್ದೇನೆ. ಮಲಯಾಳ ಬಾರದಿದ್ದರೆ ಈ ವಾರ್ಷಿಕದ ಅರ್ಧ ಪುಟಗಳು ನನಗೆ ಮುಚ್ಚಿಯೇ ಇರುತ್ತಿದ್ದವು. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ. ಮಕ್ಕಳಿಗೆ ಮೊದಲ ಪಾಠ ಮನೆಮಾತಿನಲ್ಲಿ ಸಿಗುವಂತೆ ನೋಡಿಕೊಳ್ಳಬೇಕೆಂದು ಸಂವಿಧಾನದಲ್ಲಿ ಸೇರಿದ್ದೂ ಗಡಿಗಳನ್ನು ಬದಲಿಸಿದ ಅದೇ 1956ರಲ್ಲಿಯೇ.

ಕಾಸರಗೋಡಿನಲ್ಲಿ ಕನ್ನಡ ಶಾಲೆ, ಕನ್ನಡ ಪತ್ರಿಕೆ, ಗೋವಿಂದ ಪೈ, ಕಯ್ಯಾರರ ಪರಂಪರೆ, ಯಕ್ಷಗಾನ ಎಲ್ಲವೂ ಇವೆ. ಇರುವಾಗ ಅದರ ಬೆಲೆ ತಿಳಿಯುವುದಿಲ್ಲ. ತುಡಿಯಲೂರಿನ ಮನೆಗಳು ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ಬಾಯಿಂದ ಬಾಯಿಗೆ ಎಷ್ಟೋ ತಲೆಮಾರು ಕನ್ನಡವನ್ನು ದಾಟಿಸಿದವು. ಈಗಿನ ತಲೆಮಾರಿನಲ್ಲಿ ಅದು ಮುಗ್ಗರಿಸುತ್ತಿದೆ. ಅಕ್ಷರ ಜೊತೆಗಿದ್ದರೆ ಮಾತಿಗೆ ಊರುಗೋಲು ಇದ್ದಂತೆ. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಾಗ 'ಮನೆಯಲ್ಲಿ ಮಾತಾಡಿದರೆ ಸಾಕಲ್ಲ' ಎನ್ನುವವರು ಒಮ್ಮೆ ಇಲ್ಲಿಗೆ ಬಂದು ನೋಡಬೇಕು.

ಬರುವುದು ಕಷ್ಟವೂ ಅಲ್ಲ. ಮಂಗಳೂರಿನಿಂದ ಕೊಯಮತ್ತೂರಿಗೆ ಬರುವ ಇಂಟರ್‌ಸಿಟಿ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ. ಚಿಕಿತ್ಸೆಗೆಂದೋ ಊಟಿ ನೋಡಲೆಂದೋ ನಮ್ಮವರು ಹೇಗೂ ಬರುತ್ತಲೇ ಇರುತ್ತಾರೆ. ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ವಡಮಧುರೈ, ಕಾರಮಡೈ, ಸಿರುಮುಗೈ ಇವು ಮೂರೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿವೆ. ಗುಡಿ ನೋಡಿಯಾದ ಮೇಲೆ ಬೀದಿಯಲ್ಲಿ ಸ್ವಲ್ಪ ಗಟ್ಟಿಯಾಗಿ ಕನ್ನಡ ಮಾತಾಡಿ. ಯಾರಾದರೊಬ್ಬರು ಬಾಗಿಲಿಗೆ ಬಂದು "ಯಾವೂರು?" ಎಂದು ಕೇಳುತ್ತಾರೆ. ಚೀಲದಲ್ಲಿ ಒಂದು ಕನ್ನಡ ಬಾಲಪಾಠದ ಪುಸ್ತಕ ಇದ್ದರೆ ಅಲ್ಲಿಯೇ ಕೊಟ್ಟು ಬನ್ನಿ.