ಸಿಡಿಗುಂಡು

ಗುರಿಗೆ ಬಡಿದೊಡನೆ ಸಿಡಿಯುವಂತೆ ಒಳಗೆ ಮದ್ದು ತುಂಬಿದ ರೈಫಲ್ ಗುಂಡು. ಬಡಿದಾಗ ಹಿಗ್ಗಿ ಅಗಲವಾಗುವ ಡಮ್‌ಡಮ್ ಗುಂಡು ಬೇರೆ. ಅದರೊಳಗೆ ಸಿಡಿಯುವ ಮದ್ದಿಲ್ಲ. ಅದನ್ನು ನಿಷೇಧಿಸಿದ್ದು 1899ರ ಹೇಗ್ ಘೋಷಣೆ. ಎರಡನ್ನೂ ಒಂದೇ ಎಂದು ಬರೆಯುವವರು ಇಂದಿಗೂ ಇದ್ದಾರೆ. ಸಿಂಧ್ ಗಡಿಯಲ್ಲಿದ್ದ ಸೇನಾಧಿಕಾರಿ ಜಾನ್ ಜೇಕಬ್ 1850ರ ದಶಕದಲ್ಲಿ ಜೋಡಿನಳಿಗೆ ರೈಫಲ್ಲಿಗೆಂದು ಸಿಡಿಗುಂಡು ರೂಪಿಸಿ, ಬಹುದೂರದಲ್ಲಿಟ್ಟ ಮದ್ದಿನ ಪೆಟ್ಟಿಗೆಗಳನ್ನು ಹಾರಿಸಿ ತೋರಿಸಿದ. ಫಿರಂಗಿದಳವನ್ನೇ ಬಂದೂಕಿನವರು ಅಡಗಿಸಬಲ್ಲರೆಂಬುದು ಅವನ ವಾದ. 1863ರಲ್ಲಿ ರಷ್ಯಾ ಕೂಡ ಮದ್ದಿನ ಬಂಡಿಗಳಿಗೆಂದೇ ಸಿಡಿಗುಂಡು ತಯಾರಿಸಿತು. 1867ರಲ್ಲಿ ಅದು ಮೆತ್ತನೆಯ ವಸ್ತುವಿಗೆ, ಎಂದರೆ ಮನುಷ್ಯನ ಮೈಗೆ ತಗುಲಿದರೂ ಸಿಡಿಯುವಂತಾಯಿತು. ಮರುವರ್ಷ ರಷ್ಯಾವೇ ಕರೆದ ಸಭೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ ಹೊರಬಿತ್ತು; 400 ಗ್ರಾಮಿಗಿಂತ ಹಗುರವಾದ ಸಿಡಿಯುವ, ಉರಿಯುವ ಗುಂಡುಗಳನ್ನು ತಮ್ಮತಮ್ಮೊಳಗಿನ ಯುದ್ಧದಲ್ಲಿ ಬಳಸುವುದಿಲ್ಲವೆಂದು ಸಹಿ ಹಾಕಿದ ದೇಶಗಳು ಒಪ್ಪಿದವು.

ಇದನ್ನು ಕರುಣೆಯ ಗೆಲುವೆಂದು ಹೊಗಳುವುದುಂಟು. ಕರುಣೆ ಇದ್ದಿರಬಹುದು, ಆದರೆ ಬಿಟ್ಟುಕೊಟ್ಟದ್ದು ದೊಡ್ಡದೇನಲ್ಲ. ಘೋಷಣೆ ಅನ್ವಯಿಸದ ಬೇಟೆಯನ್ನೇ ನೋಡಬಹುದು. 1874ರಲ್ಲಿ ಚಾಮರಾಜನಗರದ ಬಳಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ಆನೆಗೆ ನೆಚ್ಚಿಕೊಂಡದ್ದು 4-ಬೋರಿನ ಭಾರಿ ಬಂದೂಕನ್ನು. ಆ ಅಳತೆಯ ಉರುಟುಗುಂಡಿನ ತೂಕ ಸುಮಾರು 113 ಗ್ರಾಂ. ಆನೆಯ ತಲೆಬುರುಡೆ ಟೊಳ್ಳುಗೂಡುಗಳ ದಪ್ಪ ಮೂಳೆ. ಮಿದುಳು ಅದರ ಹಿಂದೆ, ಆಳದಲ್ಲಿದೆ. ಚಿಟಿಕೆ ಮದ್ದಿನ ಗುಂಡು ಹೊರಪದರದಲ್ಲೇ ಸಿಡಿದರೆ ಮುಂದೆ ನುಗ್ಗುವ ತೂಕವೇ ಉಳಿಯುವುದಿಲ್ಲ. ಆನೆ ಬೀಳುವುದಿಲ್ಲ, ಗಾಯಗೊಂಡು ಕೆರಳುತ್ತದೆ. ಸೈನಿಕನ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ಸಾಮಾನ್ಯ ಗುಂಡೇ ಅವನನ್ನು ಕಾಳಗದಿಂದ ಹೊರಹಾಕುತ್ತದೆ, ಸಿಡಿತ ಸೇರಿಸುವುದು ನೋವನ್ನಷ್ಟೆ.

ಜೇಕಬ್ ಸಾಧಿಸಿ ತೋರಿಸಿದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ, ಆದರೆ ಅವನ ಗುರಿ ತಾನೇ ಸಿಡಿಯಬಲ್ಲ ಪೆಟ್ಟಿಗೆ, ಗುಂಡು ಬರೀ ಕಿಡಿ ಒದಗಿಸಿತು. ಮೊದಲ ಮಹಾಯುದ್ಧವೂ ಇದನ್ನೇ ಹೇಳುತ್ತದೆ. 1916ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ವೈಮಾನಿಕ ಲೀಫ್ ರಾಬಿನ್ಸನ್ ಜರ್ಮನರ ಎಸ್‌ಎಲ್ 11 ವಾಯುನೌಕೆಯನ್ನು ಉರುಳಿಸಿದ್ದು ಬ್ರಾಕ್, ಪಾಮರಾಯ್ ಸಿಡಿಗುಂಡುಗಳಿಂದ, ನಿಜ. ಆದರೆ ಅದರ ಹೊಟ್ಟೆಯಲ್ಲಿದ್ದದ್ದು ಹೈಡ್ರೋಜನ್. ಇನ್ನು ಮದ್ದು ಮೈಯೊಳಗೇ ಸಿಡಿದರೆ ಏನಾಗುತ್ತದೆಂದು ತಿಳಿಯಲು ಬಂದೂಕೇ ಬೇಡ. ಚಾಮರಾಜನಗರದಂಥ ಕಾಡಂಚಿನ ಜಿಲ್ಲೆಗಳಲ್ಲಿ ಕಾಡುಹಂದಿಗೆಂದು ಕದ್ದು ಇಡುವ ಸಿಡಿಮದ್ದನ್ನು ಮೇಯಲು ಹೋದ ದನ ಕಚ್ಚಿ ದವಡೆ ಛಿದ್ರವಾದ ಪ್ರಕರಣಗಳಿವೆ. 1868ರ ಘೋಷಣೆ ಯುದ್ಧಕ್ಕಷ್ಟೇ ಸಂಬಂಧಿಸಿದ್ದರಿಂದ ಇಲ್ಲಿ ಅನ್ವಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1908ರ ಸ್ಫೋಟಕ ವಸ್ತುಗಳ ಕಾಯ್ದೆ.