ಕ್ರೀಡಾಪಟು ಮಾರ್ಗದರ್ಶನ ಕಾರ್ಯಕ್ರಮ ಮತ್ತು ಅದರ ಮೌಲ್ಯಮಾಪನ

ಕಾಲೇಜು ತಂಡಗಳಲ್ಲಿ ಆಡುವ ವಿದ್ಯಾರ್ಥಿಗಳು, ಶಾಲೆ ಬಿಡುವ ಅಪಾಯದಲ್ಲಿರುವ ಮಕ್ಕಳೊಂದಿಗೆ ವಾರವಾರವೂ ಬೆರೆತು ಆಟ ಕಲಿಸುವ, ಓದಿಗೆ ಒತ್ತಾಸೆಯಾಗುವ ಯೋಜನೆಯೇ ಕ್ರೀಡಾಪಟು ಮಾರ್ಗದರ್ಶನ ಕಾರ್ಯಕ್ರಮ. ಅದರಿಂದ ಮಕ್ಕಳಿಗೆ ಏನಾದರೂ ಪ್ರಯೋಜನವಾಯಿತೇ, ಆಗಿದ್ದರೆ ಯಾರಿಗೆ, ಎಷ್ಟು ಎಂದು ಪುರಾವೆ ಸಮೇತ ತಿಳಿಯುವ ಕ್ರಮ ಅದರ ಮೌಲ್ಯಮಾಪನ.

ಸ್ಥಳೀಯ ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಗೆ ಹಿರಿಯ ಆಟಗಾರ ಕಿರಿಯನನ್ನು ಬೆಳೆಸುವ ಪದ್ಧತಿ ಹೊಸದಲ್ಲ. ಗರಡಿಮನೆಯ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿಣ, ಲಿಂಬೆರಸ ಬೆರೆಸಿ ಹದ ಮಾಡುವುದರಿಂದಲೇ ಹುಡುಗನ ಪಾಠ ಶುರುವಾಗುತ್ತದೆ. ಬೈಠಕ್ಕು, ದಂಡ ಹೊಡೆಸುವವರು ಹಿರಿಯ ಪೈಲ್ವಾನರು. ಊಟ, ನಿದ್ದೆ, ನಡತೆಯ ಮೇಲೆ ಕಣ್ಣಿಡುವವನು ವಸ್ತಾದ. ಸೈಕ್ಲಿಂಗ್‌ನಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸ್ಪರ್ಧಿಗಳನ್ನು ಕೊಡುತ್ತ ಬಂದಿವೆ.

ಮಕ್ಕಳನ್ನು ಶಾಲೆಯಿಂದ ದೂರ ಸೆಳೆಯುವ ಕಾರಣಗಳು ಮಾತ್ರ ಊರಿಂದೂರಿಗೆ ಬೇರೆ. ರಬಕವಿ-ಬನಹಟ್ಟಿಯಲ್ಲಿ ಮನೆಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವ ಕೈ ಬೇಕು. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಬಂತೆಂದರೆ ಕಬ್ಬು ಕಡಿಯುವ ತಂಡಗಳೊಂದಿಗೆ ಮಕ್ಕಳೂ ಅಲೆಯುತ್ತಾರೆ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ನೆಲ ಕಳೆದುಕೊಂಡು ಪುನರ್ವಸತಿ ಕೇಂದ್ರ ಸೇರಿದ ಕುಟುಂಬಗಳಿವೆ. ಹೆಣ್ಣುಮಕ್ಕಳಿಗೆ ಬಾಲ್ಯವಿವಾಹದ ಭಯ ಬೇರೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಗಂಡುಮಕ್ಕಳ ಗರಡಿಯನ್ನೇ ಮಾದರಿ ಮಾಡಿಕೊಂಡ ಕಾರ್ಯಕ್ರಮ ಈ ಹುಡುಗಿಯರನ್ನು ಮುಟ್ಟುವುದೇ ಇಲ್ಲ.

ಒಳ್ಳೆಯ ಉದ್ದೇಶ, ಕೆಟ್ಟ ಫಲ

ಮೌಲ್ಯಮಾಪನ ಏಕೆ ಬೇಕು ಎಂಬುದಕ್ಕೆ ಹಳೆಯ ಹಾಗೂ ಕಹಿಯಾದ ಉದಾಹರಣೆ ಅಮೆರಿಕದ ಕೇಂಬ್ರಿಜ್-ಸಾಮರ್‌ವಿಲ್ ಅಧ್ಯಯನ. 1939ರಿಂದ 1945ರವರೆಗೆ ನಡೆದ ಈ ಯೋಜನೆಯಲ್ಲಿ ಹುಡುಗರನ್ನು ಹೋಲಿಕೆಯ ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾತ್ರ ಸಲಹೆಗಾರನ ಒಡನಾಟ, ಪಾಠದ ನೆರವು, ಬೇಸಿಗೆ ಶಿಬಿರ ಒದಗಿಸಲಾಯಿತು. ಸುಮಾರು ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ 506 ಮಂದಿಯ ಜಾಡು ಹಿಡಿದು ಹೋದರು. ನೆರವು ಪಡೆದವರಲ್ಲಿ ಅನೇಕರು ಅದನ್ನು ಕೃತಜ್ಞತೆಯಿಂದಲೇ ನೆನೆದರು. ಆದರೆ 1978ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಪರಾಧ, ಕುಡಿತ, ಆರೋಗ್ಯದ ಹಲವು ಅಳತೆಗಳಲ್ಲಿ ಅವರ ಸ್ಥಿತಿಯೇ ಹೋಲಿಕೆಯ ಗುಂಪಿಗಿಂತ ಕೆಳಗಿತ್ತು. ಮತ್ತೆ ಮತ್ತೆ ಶಿಬಿರಕ್ಕೆ ಹೋದವರಲ್ಲಿ ಹಾನಿ ಹೆಚ್ಚು ಎಂದು 1999ರ ಮರುವಿಶ್ಲೇಷಣೆ ತೋರಿಸಿತು. ದಾರಿ ತಪ್ಪಿದ ಹುಡುಗರನ್ನೆಲ್ಲ ಒಂದೆಡೆ ಗುಂಪುಗೂಡಿಸಿದರೆ ಅವರು ಪರಸ್ಪರರಿಂದಲೇ ಕಲಿಯುತ್ತಾರೆ ಎಂಬ ಎಚ್ಚರಿಕೆ ಹುಟ್ಟಿದ್ದು ಇಲ್ಲಿಂದ.

ಫಲ ಕೊಟ್ಟ ಪ್ರಯೋಗಗಳು

ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ 1995ರ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. 10ರಿಂದ 16 ವರ್ಷದ 959 ಮಕ್ಕಳನ್ನು 18 ತಿಂಗಳು ಗಮನಿಸಿದಾಗ, ಮಾರ್ಗದರ್ಶಕರಿದ್ದವರಲ್ಲಿ ಮಾದಕವಸ್ತು ಸೇವನೆ ಹೊಸದಾಗಿ ಶುರುಮಾಡುವ ಸಾಧ್ಯತೆ ಶೇ 46ರಷ್ಟು ಕಡಿಮೆಯಿತ್ತು; ಶಾಲೆ ತಪ್ಪಿಸುವ ದಿನಗಳೂ ಅರ್ಧಕ್ಕಿಳಿದಿದ್ದವು.

ಮುಧೋಳದವರಿಗೆ ಹೆಚ್ಚು ಆಪ್ತವೆನಿಸುವುದು ಶಿಕಾಗೊದ ‘ಬಿಕಮಿಂಗ್ ಎ ಮ್ಯಾನ್’ ಪ್ರಯೋಗ. 2009–10ರಲ್ಲಿ 18 ಶಾಲೆಗಳ 2,740 ಹುಡುಗರನ್ನು ಒಳಗೊಂಡ ಇದರಲ್ಲಿ, ಸಿಟ್ಟಿನ ಗಳಿಗೆಯಲ್ಲಿ ತಡೆದು ಯೋಚಿಸುವ ಪಾಠದ ಜೊತೆಗೆ ಕುಸ್ತಿ, ಭಾರ ಎತ್ತುವಿಕೆ, ಬಾಕ್ಸಿಂಗ್, ಬಿಲ್ಲುಗಾರಿಕೆಯ ತರಬೇತಿಯೂ ಇತ್ತು. ಹಿಂಸಾಪರಾಧದ ಬಂಧನಗಳು ಗಣನೀಯವಾಗಿ ಇಳಿದವು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಆ ಇಳಿಕೆ ಉಳಿಯಲಿಲ್ಲ.

ಕಾಲೇಜು ವಿದ್ಯಾರ್ಥಿಗಳೇ ಮಾರ್ಗದರ್ಶಕರಾದ ಜರ್ಮನಿಯ ‘ರಾಕ್ ಯುವರ್ ಲೈಫ್’ ಯೋಜನೆಯನ್ನು 10 ನಗರಗಳ 308 ಹದಿಹರೆಯದವರ ಮೇಲೆ ಪರೀಕ್ಷಿಸಲಾಯಿತು. ಬಡ ಮನೆಯ ಮಕ್ಕಳ ಗಣಿತದ ಅಂಕ ಸುಧಾರಿಸಿತು, ಮುಂದಿನ ವೃತ್ತಿಯ ಬಗೆಗಿನ ಯೋಚನೆಯೂ ಸ್ಪಷ್ಟವಾಯಿತು. ಅನುಕೂಲಸ್ಥರ ಮಕ್ಕಳಿಗೆ ಅಂಥ ಲಾಭವಾಗಲಿಲ್ಲ. ಹಾಗಾಗಿ ಮಕ್ಕಳ ಆಯ್ಕೆಯೇ ಫಲಿತಾಂಶವನ್ನು ಅರ್ಧ ನಿರ್ಧರಿಸುತ್ತದೆ. ಚುರುಕಾಗಿ ಓಡುವವರನ್ನೇ ಆರಿಸಿದರೆ ಪದಕ ಬರಬಹುದು, ಶಾಲೆ ಬಿಡುವವರು ಬಿಡುತ್ತಲೇ ಇರುತ್ತಾರೆ.

ಕಾಲಾವಧಿ

ಒಡನಾಟ ಎಷ್ಟು ದಿನ ಉಳಿಯಿತು ಎಂಬುದೂ ಅಷ್ಟೇ ಮುಖ್ಯ. ಗ್ರಾಸ್‌ಮನ್ ಮತ್ತು ರೋಡ್ಸ್ ಅವರ 2002ರ ವಿಶ್ಲೇಷಣೆಯಲ್ಲಿ ಒಂದು ವರ್ಷ ದಾಟಿದ ಜೋಡಿಗಳಿಗೆ ಹೆಚ್ಚಿನ ಲಾಭ ಕಂಡಿತು. ಮೂರು ತಿಂಗಳೊಳಗೆ ಕೈಬಿಟ್ಟುಹೋದ ಮಕ್ಕಳ ಆತ್ಮಗೌರವವೇ ಕುಸಿದಿತ್ತು. ಕಾಲೇಜು ಆಟಗಾರರ ವಿಷಯದಲ್ಲಿ ಇದು ದೊಡ್ಡ ತೊಡಕು. ಸೆಮಿಸ್ಟರ್ ಪರೀಕ್ಷೆ, ಅಂತರಕಾಲೇಜು ಕ್ರೀಡಾಕೂಟ, ಪದವಿ ಮುಗಿಸಿ ಊರು ಬಿಡುವುದು, ಎಲ್ಲವೂ ನಂಟಿಗೆ ಕತ್ತರಿ ಹಾಕುತ್ತವೆ. ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಸ್ವಯಂಸೇವಕರಿಗೆ ಎರಡು ವರ್ಷಗಳ ಚೌಕಟ್ಟು, ವರ್ಷಕ್ಕೆ 120 ಗಂಟೆಗಳ ಸೇವೆಯ ಗುರಿ ಇಟ್ಟಿದೆ. ಆ ಚೌಕಟ್ಟಿಗೆ ಜೋಡಿಸಿದರೆ ಒಬ್ಬ ಆಟಗಾರ ಒಂದೇ ಮಗುವಿನ ಜೊತೆ ವರ್ಷಕ್ಕೂ ಹೆಚ್ಚು ಕಾಲ ಉಳಿಯುವಂತೆ ಮಾಡಬಹುದು.

ಅಳೆಯುವ ಬಗೆ

ಫೋಟೊ, ಪ್ರಮಾಣಪತ್ರ, ‘ಬಹಳ ಚಲೋ ಆತ್ರಿ’ ಎಂಬ ಅಭಿಪ್ರಾಯ ಪುರಾವೆಯಾಗುವುದಿಲ್ಲ. ಹೋಲಿಕೆ ಬೇಕು. ಆಟಗಾರರ ಸಂಖ್ಯೆ ಸಾಲದಾದಾಗ ಅರ್ಹ ಮಕ್ಕಳ ಹೆಸರನ್ನು ಚೀಟಿ ಎತ್ತಿ ಆರಿಸಿ, ಉಳಿದವರಿಗೆ ಮುಂದಿನ ವರ್ಷ ಅವಕಾಶ ಕೊಡುವುದು ನ್ಯಾಯವೂ ಹೌದು, ಅಧ್ಯಯನಕ್ಕೆ ಅನುಕೂಲವೂ ಹೌದು. ಒಂದೇ ತರಗತಿಯ ಮಕ್ಕಳು ಕಲಿತದ್ದನ್ನು ಹಂಚಿಕೊಳ್ಳುವುದರಿಂದ ಇಡೀ ಶಾಲೆಗಳನ್ನೇ ಚೀಟಿಗೆ ಹಾಕುವುದೂ ಉಂಟು. ಆಗ ಹೆಚ್ಚು ಶಾಲೆಗಳು ಬೇಕಾಗುತ್ತವೆ.

ಅಳತೆಗಳಲ್ಲಿ ಹಾಜರಾತಿಗೆ ಮೊದಲ ಸ್ಥಾನ. ಅದನ್ನು ವರ್ಷದ ಸರಾಸರಿಯಾಗಿ ನೋಡಿದರೆ ಸಾಲದು, ಕಬ್ಬಿನ ಹಂಗಾಮಿನ ತಿಂಗಳುಗಳನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಓದುವ ಮಟ್ಟ, ಎಂಟರಿಂದ ಒಂಬತ್ತನೇ ತರಗತಿಗೆ ದಾಟಿದವರ ಪ್ರಮಾಣ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕುಳಿತವರ ಸಂಖ್ಯೆ ನಂತರದವು. ಮಾರ್ಗದರ್ಶಕ ಬಂದ ದಿನ, ತಪ್ಪಿಸಿದ ದಿನಗಳ ದಾಖಲೆಯೂ ಇರಬೇಕು. ಸ್ವತಂತ್ರ ಪರಿಶೀಲನೆಗೆ ರಾಜ್ಯದಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಮಗು ಮಧ್ಯದಲ್ಲೇ ಊರು ಬದಲಿಸಿದರೂ ರಾಜ್ಯದ ವಿದ್ಯಾರ್ಥಿ ಸಾಧನೆ ಪತ್ತೆ ವ್ಯವಸ್ಥೆಯಲ್ಲಿ ಅದಕ್ಕೆ ನೀಡಿದ ಸಂಖ್ಯೆ ಬದಲಾಗುವುದಿಲ್ಲ. ಬನಹಟ್ಟಿಯಲ್ಲಿ ಹೆಸರು ಕಡಿಸಿದ ಹುಡುಗ ಬೇರೆ ತಾಲ್ಲೂಕಿನಲ್ಲಿ ಶಾಲೆ ಸೇರಿದನೋ, ಇಲ್ಲವೋ ಎಂಬುದನ್ನು ಶಿಕ್ಷಣ ಇಲಾಖೆಯ ಅನುಮತಿ ಪಡೆದು ಆ ಸಂಖ್ಯೆಯಿಂದಲೇ ಪತ್ತೆ ಹಚ್ಚಬಹುದು.