ಲಾಲ್‌ಬಾಗಿನ ಮರಗಳು ಮತ್ತು ನಮ್ಮ ಮದುವೆಯ ಫೋಟೊಗಳು

ಜನವರಿ ಬಂತೆಂದರೆ ನಮ್ಮ ಜಮಾಅತಿನಲ್ಲಿ ಎರಡು ವಿಷಯಗಳ ಮಾತು ಹೆಚ್ಚು. ಒಂದು ನಿಕಾಹ್‌ನ ತಾರೀಖು, ಇನ್ನೊಂದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಈಚೆಗೆ ಇವೆರಡೂ ಒಂದೇ ಆಗಿಬಿಟ್ಟಿವೆ. ಮದುವೆ ಗೊತ್ತಾದ ಕೂಡಲೇ ಫೋಟೊಗ್ರಾಫರ್ ಹಿಡಿಯಬೇಕು, ಗಾಜಿನ ಮನೆಯ ಮುಂದೆ ಒಂದು, ಬಂಡೆಯ ಮೇಲೆ ಒಂದು, ಕೆರೆಯ ದಂಡೆಯಲ್ಲಿ ಒಂದು ಚಿತ್ರ ತೆಗೆಸಬೇಕು. ಸಾಲದಿದ್ದರೆ ಬೆಳಗಿನ ಜಾವ ನಂದಿಬೆಟ್ಟಕ್ಕೂ ಹೋಗಬೇಕು.

ಕಳೆದ ವರ್ಷ ಇದೇ ವಿಷಯವಾಗಿ ನಾನು ಜುಮಾದಲ್ಲಿ ಸ್ವಲ್ಪ ಖಾರವಾಗಿ ಮಾತಾಡಿದೆ. ಕಾರಣವಿತ್ತು. ಆಟೊ ಓಡಿಸುವ ಒಬ್ಬ ತಂದೆ ಮಗಳ ಫೋಟೊ ಶೂಟಿಗೆಂದು ಸಾಲ ಮಾಡಿ, ಅದನ್ನು ತೀರಿಸಲಾಗದೆ ನನ್ನ ಬಳಿ ಬಂದು ಅತ್ತಿದ್ದರು. ಆ ಬೇಸರದಲ್ಲಿ ಸಾಲದ ಬಗ್ಗೆ, ಇಸ್ರಾಫ್ ಬಗ್ಗೆ, ನಿಕಾಹ್‌ಗೆ ಮುಂಚೆ ಹುಡುಗ ಹುಡುಗಿ ಕೈಕೈ ಹಿಡಿದು ಚಿತ್ರ ತೆಗೆಸಿಕೊಳ್ಳುವ ಬಗ್ಗೆ ಹೇಳಿದೆ. ಹೇಳುತ್ತ ಹೇಳುತ್ತ ಮಾತು ಜಾರಿ, "ಇಂಥ ತೋಟಗಳ ಸಹವಾಸವೇ ಬೇಡ" ಎಂದೂ ಅಂದುಬಿಟ್ಟೆ.

ನಮಾಜ್ ಮುಗಿದ ಮೇಲೆ ವುಜೂ ಮಾಡುವ ಜಾಗದ ಬಳಿ ಒಬ್ಬ ಹಿರಿಯರು ನನಗಾಗಿ ಕಾದಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಲಾಲ್‌ಬಾಗಿನಲ್ಲಿ ಮಾಲಿಯಾಗಿ ದುಡಿದು ನಿವೃತ್ತರಾದವರು. "ಹಜ್ರತ್, ಸಾಲದ ಮಾತು ಸರಿ, ನಾಚಿಕೆಯ ಮಾತೂ ಸರಿ. ಆದರೆ ಬಾಗ್‌ಗೆ ಹೋಗಬೇಡಿ ಅಂದಿರಲ್ಲ, ಅದು ಯಾರು ಹಾಕಿದ ಬಾಗ್ ಅಂತ ಎಂದಾದರೂ ಮಕ್ಕಳಿಗೆ ಹೇಳಿದ್ದೀರಾ?" ಎಂದರು. ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವನು. ಆದರೂ ಹೇಳಿರಲಿಲ್ಲ. "ಭಾನುವಾರ ಫಜ್ರ್ ಆದ ಮೇಲೆ ನನ್ನ ಜೊತೆ ಬನ್ನಿ" ಎಂದು ಕರೆದರು, ಹೋದೆ. ಆ ನಡಿಗೆ ಮತ್ತು ಆಮೇಲಿನ ಓದಿನಿಂದ ಈ ಲೇಖನ ಹುಟ್ಟಿತು.

ಶಿರಾದಿಂದ ಬಂದ ಮಾದರಿ

ಬೆಂಗಳೂರು ಹೈದರ್ ಅಲಿಗೆ ಜಹಗೀರಾಗಿ ದೊರೆತದ್ದು 1750ರ ದಶಕದ ಕೊನೆಯಲ್ಲಿ. 1760ರಲ್ಲಿ ಅವನು ಇಲ್ಲಿ ತೋಟ ಹಾಕಿಸಲು ತೊಡಗಿದ. ಆಗ ಅದರ ವಿಸ್ತಾರ ಸುಮಾರು 40 ಎಕರೆ, ಇಂದು 240 ಎಕರೆ. ಮಾದರಿಗಾಗಿ ಅವನು ದೂರದ ದೇಶಗಳತ್ತ ನೋಡಬೇಕಾಗಿರಲಿಲ್ಲ. ತುಮಕೂರಿನಾಚೆಯ ಶಿರಾ ಮೊಘಲರ ಸುಬೇದಾರರ ಊರಾಗಿತ್ತು. ಅಲ್ಲಿ ಚೌಕ ಚೌಕವಾಗಿ ಮಡಿ ಕಟ್ಟಿ, ನಡುವೆ ದಾರಿ ಬಿಟ್ಟು, ನೀರು ಹರಿಸಿ ಬೆಳೆಸಿದ ತೋಟವಿತ್ತು. ಅದನ್ನು ಕಂಡ ಹೈದರ್ ಬೆಂಗಳೂರಿನಲ್ಲೂ ಅಂಥದ್ದನ್ನೇ ಬಯಸಿದನೆಂದು ಇತಿಹಾಸಕಾರರು ಹೇಳುತ್ತಾರೆ.

ಹೈದರನ ಮಗ ಟಿಪ್ಪು ಸುಲ್ತಾನ್ ಪರದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ಅದನ್ನು ಬೆಳೆಸಿದ. ಟಿಪ್ಪು ಶಹೀದನಾದ ಮರುವರ್ಷ, ಅಂದರೆ 1800ರಲ್ಲಿ, ಕಂಪೆನಿ ಸರಕಾರದ ಪರವಾಗಿ ಈ ನಾಡನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ತೋಟಗಳನ್ನೂ ಕಂಡ. ಚೌಕದ ಮಡಿಗಳು, ದಾರಿಯ ಇಕ್ಕೆಲದಲ್ಲಿ ಸಾಲು ಸೈಪ್ರೆಸ್ ಮರಗಳು, ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಜಾಗ. ಮುಸಲ್ಮಾನರ ತೋಟಗಳ ರೀತಿಯೇ ಹೀಗೆ ಎಂದು ಅವನು ಬರೆದಿಟ್ಟಿದ್ದಾನೆ. ಆಫ್ರಿಕಾದ ಕೇಪ್ ಕಡೆಯಿಂದ ಬಂದ ಪೈನ್ ಮತ್ತು ಓಕ್ ಗಿಡಗಳು ಇಲ್ಲಿ ಚೆನ್ನಾಗಿ ಚಿಗುರುತ್ತಿದ್ದುದನ್ನೂ ದಾಖಲಿಸಿದ್ದಾನೆ.

ಆ ತೋಟಕ್ಕೆ ನೀರು ಹಾಯಿಸಿದವರು ಯಾರು? ಅರಸನಲ್ಲ. ಹೈದರನ ಕಾಲದಿಂದಲೂ ಲಾಲ್‌ಬಾಗಿನಲ್ಲಿ ದುಡಿದವರಲ್ಲಿ ತಿಗಳ ಸಮುದಾಯದವರ ಹೆಸರು ಮೊದಲು ಬರುತ್ತದೆ. ಹೂವು ತರಕಾರಿ ಬೆಳೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬೆಂಗಳೂರಿನ ಕರಗ ಇದೇ ಸಮುದಾಯದ ಉತ್ಸವ. ಆ ಕರಗ ಇಂದಿಗೂ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಮುಂದೆ ಹೋಗುತ್ತದೆ. ಒಂದೇ ಮಣ್ಣಿನಲ್ಲಿ ಕೈಯಾಡಿಸಿದವರ ನಡುವಿನ ಒಡನಾಟ ಎಷ್ಟು ಹಳೆಯದೆಂದು ನಮ್ಮ ಯುವಕರು ತಿಳಿಯಬೇಕು.

ಒಂದೇ ಹೆಸರಿನ ಎರಡು ತೋಟ

ಲಾಲ್‌ಬಾಗ್ ಎಂಬ ಹೆಸರಿನ ಇನ್ನೊಂದು ತೋಟವೂ ಇತ್ತು. ಶ್ರೀರಂಗಪಟ್ಟಣದ ಗಂಜಾಂ ಕಡೆ, ಇಂದು ಗುಂಬಜ್ ಇರುವ ಜಾಗದಲ್ಲಿ. ಹೈದರ್ 1782ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಟಿಪ್ಪು ತಂದೆಗಾಗಿ ಗುಂಬಜ್ ಕಟ್ಟಿಸಿದ್ದು ಆ ತೋಟದಲ್ಲೇ. ತಂದೆ, ತಾಯಿ, ಮಗ ಮೂವರೂ ಈಗ ಅಲ್ಲಿ ಮಲಗಿದ್ದಾರೆ.

1792ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತು. ಕೋಟೆಯತ್ತ ಕಂದಕ ತೋಡುತ್ತ ಸಾಗಲು, ಮಣ್ಣು ಕುಸಿಯದಂತೆ ತಡೆಯುವ ಕೊಂಬೆಗಳ ಕಟ್ಟುಗಳು ಬೇಕಾದವು. ಅದಕ್ಕಾಗಿ ಸೈನಿಕರು ಆ ಲಾಲ್‌ಬಾಗಿನ ಸೈಪ್ರೆಸ್ ಮರಗಳನ್ನೂ ಹಣ್ಣಿನ ಮರಗಳನ್ನೂ ಕಡಿದರು. ವರ್ಷಗಟ್ಟಲೆ ಬೆಳೆದ ತೋಟ ಕೆಲವೇ ದಿನಗಳಲ್ಲಿ ಬೋಳಾಯಿತು.

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ಅದಕ್ಕೂ ಹಿಂದಿನ ವರ್ಷ, 1791ರಲ್ಲಿ, ಕಂಪೆನಿ ಸೇನೆಗೆ ಮೇವು ಕಾಳು ಸಿಗಬಾರದೆಂದು ಟಿಪ್ಪುವಿನ ಸವಾರರೂ ಅದರ ದಾರಿಯ ಹೊಲ ಹಳ್ಳಿಗಳನ್ನು ಸುಟ್ಟಿದ್ದರು. ಯುದ್ಧ ಯಾರ ಕೈಯಲ್ಲಿದ್ದರೂ ಹಸಿರಿಗೆ ಬೆಂಕಿಯೇ. ಹಜ್ರತ್ ಅಬೂಬಕರ್ ಸಿದ್ದೀಕ್ (ರ) ಸೇನೆಯನ್ನು ಕಳುಹಿಸುವಾಗ ಫಲ ಕೊಡುವ ಮರವನ್ನು ಕಡಿಯಬೇಡಿ ಎಂದು ತಾಕೀತು ಮಾಡಿದ್ದನ್ನು ಮದರಸಾದಲ್ಲಿ ಓದುವಾಗ ಅದು ನನಗೆ ಬರೀ ಪಾಠವಾಗಿತ್ತು. ಗಂಜಾಂ ತೋಟದ ಕಥೆ ಓದಿದ ಮೇಲೆ ಆ ತಾಕೀತಿನ ತೂಕ ತಿಳಿಯಿತು.

ನಂದಿಬೆಟ್ಟವೂ ಹಾಗೆಯೇ. ಸೂರ್ಯೋದಯದ ಚಿತ್ರಕ್ಕಾಗಿ ನಮ್ಮ ಮಕ್ಕಳು ನಸುಕಿನಲ್ಲಿ ಬೈಕ್ ಓಡಿಸಿಕೊಂಡು ಹೋಗುವ ಆ ಕೋಟೆಯ ಗೋಡೆಯನ್ನು 1791ರ ಅಕ್ಟೋಬರಿನಲ್ಲಿ ಕಂಪೆನಿ ಸೇನೆ ಒಡೆದು ಹತ್ತಿತು. ಎರಡೂ ಕಡೆಯವರು ಸತ್ತರು. ಆ ಗೋಡೆಗೆ ಒರಗಿ ನಗುವುದು ತಪ್ಪಲ್ಲ. ಆದರೆ ಯಾವ ಗೋಡೆಗೆ ಒರಗಿದ್ದೇವೆಂದು ತಿಳಿದಿರಲಿ.

ಕೈ ಬದಲಾದರೂ ಉಳಿದ ತೋಟ

ಬೆಂಗಳೂರಿನ ಲಾಲ್‌ಬಾಗ್ ಉಳಿಯಿತು. 1799ರ ನಂತರ ಅದು ಮೇಜರ್ ವಾ ಎಂಬ ಸೇನಾಧಿಕಾರಿಯ ಕೈಗೆ ಬಂತು. ಅವನು 1819ರಲ್ಲಿ ಅದನ್ನು ಕಂಪೆನಿ ಸರಕಾರಕ್ಕೆ ಒಪ್ಪಿಸಿದ. 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ಇಂದು ಎಲ್ಲರ ಫೋಟೊದಲ್ಲೂ ಕಾಣುವ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬೆಂಗಳೂರಿಗೆ ಬಂದಾಗ. ಆಗ ತೋಟ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್.

ಹೀಗಾಗಿ ಲಾಲ್‌ಬಾಗ್ ಪೂರ್ತಿ ಬ್ರಿಟಿಷರದೆನ್ನುವುದೂ ತಪ್ಪು, ಪೂರ್ತಿ ನಮ್ಮದೆನ್ನುವುದೂ ತಪ್ಪು. ಗಾಜಿನ ಮನೆಯ ಮುಂದೆ ನಿಂತಾಗ ಈ ಎರಡೂ ಮಾತು ನೆನಪಿರಬೇಕು. ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಬಂಡೆಯಂತೂ ಮನುಷ್ಯನಿಗಿಂತ ಬಹಳ ಹಿಂದಿನದು, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದರ ಮೇಲೆ ನಿಂತು 'ನನ್ನದು' ಎನ್ನುವವನನ್ನು ಕಂಡರೆ ಬಂಡೆಗೇ ನಗು ಬಂದೀತು!

ಋತುಗಳನ್ನು ನೆಟ್ಟವರು

ಬೆಂಗಳೂರಿನಲ್ಲಿ ಹೂವಿನ ಕಾಲ ನೋಡಿಕೊಂಡು ಜನ ಸುತ್ತಾಡಲು ಹೊರಡುತ್ತಾರೆ. ಬೇಸಿಗೆ ಶುರುವಾಗುವಾಗ ಜಕರಂದದ ನೇರಳೆ, ತಬೇಬುಯಾದ ಗುಲಾಬಿ ಬಣ್ಣ, ಏಪ್ರಿಲ್ ಮೇ ಹೊತ್ತಿಗೆ ಗುಲ್‌ಮೊಹರ್‌ನ ಕೆಂಪು. ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಅರಳುತ್ತದೆ. ಇದು ತಾನಾಗಿ ಆದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್, ವರ್ಷದ ಬೇರೆ ಬೇರೆ ತಿಂಗಳಲ್ಲಿ ಹೂ ಬಿಡುವ ಮರಗಳನ್ನು ಯೋಚಿಸಿ ಬೀದಿಗಳಲ್ಲಿ ನೆಡಿಸಿದರು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅದಕ್ಕೆ ಬೆಂಬಲವಾಗಿ ನಿಂತರು. ಮಿರ್ಜಾ ಅವರು ಬೆಂಗಳೂರಿನಲ್ಲೇ ಹುಟ್ಟಿದವರು. ಅವರ ಅಜ್ಜ ಅಲಿ ಅಸ್ಕರ್ ಕುದುರೆ ಮಾರಲು ಇರಾನಿನ ಶಿರಾಜಿನಿಂದ ಬಂದು ಇಲ್ಲಿಯೇ ನೆಲೆಸಿದವರು. ಕೆ.ಆರ್.ಎಸ್. ಅಣೆಕಟ್ಟೆಯ ಕೆಳಗಿನ ಬೃಂದಾವನ ತೋಟವೂ ಮಿರ್ಜಾ ಅವರ ಕಾಲದ್ದೇ. ನಮ್ಮ ತಂದೆತಾಯಿ ಮದುವೆಯಾದ ಹೊಸತರಲ್ಲಿ ಬಸ್ಸಿನಲ್ಲಿ ಹೋಗಿ, ಕಾರಂಜಿಯ ಮುಂದೆ ತೆಗೆಸಿಕೊಂಡ ಕಪ್ಪುಬಿಳುಪಿನ ಒಂದು ಫೋಟೊ ಈಗಲೂ ಮನೆಯ ಬೀರುವಿನಲ್ಲಿದೆ. ಅಮ್ಮಿ ಅದರಲ್ಲಿ ನಗುತ್ತಿದ್ದಾರೆ. ಆ ಫೋಟೊ ನೆನಪಾದಾಗ ನನ್ನ ಜುಮಾದ ಮಾತು ನನಗೇ ಚುಚ್ಚಿತು.

ಕ್ರುಂಬಿಗೆಲ್ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಲಾಲ್‌ಬಾಗನ್ನು ಕಾಪಾಡಿ ಬೆಳೆಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನಗರದ ಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿಗಳು ಬಿದ್ದವು. ಒಬ್ಬ ಮುಸಲ್ಮಾನ ಅರಸ, ತಿಗಳ ಮಾಲಿಗಳು, ಇಂಗ್ಲಿಷರು, ಒಬ್ಬ ಜರ್ಮನ್, ಒಬ್ಬ ಮುಸಲ್ಮಾನ ದಿವಾನ, ನಮ್ಮ ಕನ್ನಡದ ಅಧಿಕಾರಿಗಳು. ನಾವು ಕುಳಿತ ನೆರಳು ಇಷ್ಟು ಜನರ ಕೈಯಿಂದ ಬಂದದ್ದು.

ಮರದ ಮೇಲಿನ ಹೆಸರುಗಳು

ಆ ಭಾನುವಾರ ಚಾಚಾ ನನ್ನನ್ನು ಇನ್ನೂರು ವರ್ಷ ದಾಟಿದ್ದೆನ್ನುವ ಬಿಳಿ ಬೂರುಗದ ಮರದ ಬಳಿ ಕರೆದೊಯ್ದರು. ಅದರ ಬುಡದ ಬೇರುಗಳು ಗೋಡೆಯಂತೆ ಎದ್ದು ನಿಂತಿವೆ. ದಾರಿಯುದ್ದಕ್ಕೂ ಜೋಡಿಗಳು, ಕ್ಯಾಮೆರಾದವರು, ಬೆಳಕು ಹಿಡಿಯುವ ಹುಡುಗರು. ಚಾಚಾ ಅವರ ಮೇಲೆ ಸಿಟ್ಟಾಗಲಿಲ್ಲ. ಸ್ವಲ್ಪ ಮುಂದೆ ಒಂದು ಬಿದಿರುಮೆಳೆಯ ಹತ್ತಿರ ನಿಂತು ಕೈಯಿಂದ ಸವರಿದರು. ಬಿದಿರಿನ ಮೇಲೆಲ್ಲ ಚಾಕುವಿನಿಂದ ಕೆತ್ತಿದ ಹೆಸರುಗಳು, ಹೃದಯದ ಗುರುತುಗಳು. ಪಕ್ಕದ ಮರದ ತೊಗಟೆಯ ಮೇಲೂ ಅದೇ. ಎಲ್ಲ ಧರ್ಮದ ಹೆಸರುಗಳೂ ಇದ್ದವು, ನಮ್ಮವರ ಹೆಸರುಗಳೂ ಇದ್ದವು.

"ಫೋಟೊ ತೆಗೆದರೆ ಮರಕ್ಕೆ ಏನೂ ಆಗಲ್ಲ ಹಜ್ರತ್," ಎಂದರು. "ಇದರಿಂದ ಆಗುತ್ತೆ. ತೊಗಟೆ ಕೊಯ್ದರೆ ಹುಳ ಹೋಗುತ್ತೆ, ಒಳಗೇ ಕೊಳೆಯುತ್ತೆ. ಹತ್ತು ವರ್ಷ ನೀರು ಹಾಕಿದ ಮರದ ಮೇಲೆ ಒಬ್ಬ ಬಂದು ಐದು ನಿಮಿಷದಲ್ಲಿ ಹೆಸರು ಕೊರೆದು ಹೋಗ್ತಾನೆ. ಇದನ್ನು ಮಿಂಬರ್ ಮೇಲಿಂದ ಹೇಳಿ."

ನಾನು ಏನೂ ಹೇಳಲಾಗದೆ ನಿಂತೆ. ಒಬ್ಬ ಮುಸ್ಲಿಮ್ ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಆಗುತ್ತದೆಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ಕಿಯಾಮತ್ ಬಂದೇ ಬಿಟ್ಟಿತೆಂದಾದರೂ ಕೈಯಲ್ಲಿ ಸಸಿಯಿದ್ದರೆ ನೆಟ್ಟುಬಿಡಲು ಹೇಳಿದ್ದಾರೆ. ನೆಟ್ಟವನ ಹೆಸರು ಮರದ ಮೇಲೆ ಇರಬೇಕಾಗಿಲ್ಲ. ಆ ಹೆಸರು ಬರೆಯುವ ಕಡೆ ಬರೆದಿರುತ್ತದೆ.

ಆದ್ದರಿಂದ ನನ್ನ ಹಳೆಯ ಮಾತನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ. ನಿಕಾಹ್ ಆದ ಗಂಡ ಹೆಂಡತಿ ತೋಟಕ್ಕೆ ಹೋಗಿ ಒಂದು ಗಳಿಗೆ ಸಂತೋಷವಾಗಿರುವುದರಲ್ಲಿ ತಪ್ಪೇನಿದೆ? ಪ್ರವಾದಿವರ್ಯರು (ಸ) ಹಜ್ರತ್ ಆಯಿಶಾ (ರ) ಅವರೊಂದಿಗೆ ಓಟದ ಪಂದ್ಯ ಆಡಿದ್ದನ್ನು ನಾವೆಲ್ಲ ಕೇಳಿದ್ದೇವೆ. ಹೋಗಿ. ಆದರೆ ನಿಕಾಹ್ ಆದ ಮೇಲೆ ಹೋಗಿ. ಫೋಟೊಗಾಗಿ ತಂದೆಯ ತಲೆಯ ಮೇಲೆ ಸಾಲ ಹೊರಿಸಬೇಡಿ. ಕೈಯಲ್ಲಿರುವ ಮೊಬೈಲೇ ಸಾಕು. ಮಕ್ಕಳನ್ನು ಕರೆದುಕೊಂಡು ಹೋದಾಗ 1760ರ ಕಥೆಯನ್ನೂ 1792ರ ಕಥೆಯನ್ನೂ ಹೇಳಿ. ಮರದ ಮೇಲೆ ಚಾಕು ಹಿಡಿದವನನ್ನು ಕಂಡರೆ ಮೆತ್ತಗೆ ತಡೆಯಿರಿ.

ನಮ್ಮ ಮಸೀದಿಯಲ್ಲಿ ಈಗ ಪ್ರತಿ ನಿಕಾಹ್‌ಗೆ ಒಂದು ಸಸಿ ನೆಡುವುದೆಂದು ಕಮಿಟಿ ತೀರ್ಮಾನಿಸಿದೆ. ಕಬರಸ್ತಾನದ ಗೋಡೆಯ ಪಕ್ಕ ಇದುವರೆಗೆ ಏಳು ಸಸಿ ಬಿದ್ದಿವೆ. ಎರಡು ಒಣಗಿಹೋದವು. ಸಸಿ ನೆಡುವಾಗ ಫೋಟೊ ತೆಗೆಸಿಕೊಂಡವರು ಆಮೇಲೆ ನೀರು ಹಾಕಲು ಬರಲಿಲ್ಲವೆಂದು ಚಾಚಾ ಗೊಣಗುತ್ತಾರೆ. ಉಳಿದ ಐದಕ್ಕೆ ಅವರೇ ಅಸರ್ ನಮಾಜಿನ ನಂತರ ಬಕೆಟ್ ಹಿಡಿದು ಹೋಗುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ. ಮೊಣಕಾಲು ನೋವು ಬೇರೆ. ಮದುವೆಯಾದ ಆ ಏಳು ಹುಡುಗರು ಇದನ್ನು ಓದುತ್ತಿದ್ದರೆ, ಬರುವ ಶುಕ್ರವಾರದಿಂದ ಸರದಿ ಹಿಡಿಯಿರಿ.

ತೋಟ ಹಾಕಿದವರಿಗೂ, ನೀರು ಎರೆದವರಿಗೂ, ಕಾಪಾಡುವವರಿಗೂ ಅಲ್ಲಾಹನು ಒಳಿತು ಮಾಡಲಿ. ನಮ್ಮ ಮಕ್ಕಳ ಸಂಸಾರಗಳನ್ನು ನೆರಳುಳ್ಳ ಮರಗಳಂತೆ ಬಾಳಿಸಲಿ. ಆಮೀನ್.